ಗರ್ಭಿಣಿಯ ತುರಿಕೆ: ಮೂಲ ಚರ್ಮದಲ್ಲಲ್ಲ

ಏಳು ತಿಂಗಳು ತುಂಬಿದ ಸೊಸೆಯನ್ನು ಕರೆತಂದ ಅತ್ತೆ, "ರಾತ್ರಿಯೆಲ್ಲ ಅಂಗೈ, ಅಂಗಾಲು ಕೆರೆದುಕೊಳ್ತಾಳೆ ಡಾಕ್ಟ್ರೇ. ನಂಜಿರಬೇಕು ಅಂತ ಬದನೆಕಾಯಿ ನಿಲ್ಲಿಸಿದೀವಿ" ಎಂದರು. ನೋಡಿದರೆ ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲ, ಕೆರೆದ ಗೀರುಗಳಷ್ಟೆ. ನಾನು ಬರೆದುಕೊಟ್ಟದ್ದು ಮುಲಾಮನ್ನಲ್ಲ, ರಕ್ತಪರೀಕ್ಷೆಯನ್ನು. ದೋಷವಿದ್ದದ್ದು ಪಿತ್ತಜನಕಾಂಗದಲ್ಲಿ.

ಈ ಅಂಗ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಪಿತ್ತರಸ ತಯಾರಿಸುತ್ತದೆ. ಅಕ್ಕಪಕ್ಕದ ಎರಡು ಜೀವಕೋಶಗಳ ನಡುವೆ ಕೂದಲಿಗಿಂತ ಎಷ್ಟೋ ಪಟ್ಟು ಕಿರಿದಾದ ಕಾಲುವೆಯಿದ್ದು, ಪಿತ್ತ ಅದರಲ್ಲಿ ಹರಿಯುತ್ತದೆ. ಕೋಶದ ಇನ್ನೊಂದು ಮಗ್ಗುಲಿಗೆ ರಕ್ತ. ಎರಡೂ ಬೆರೆಯದಂತೆ ಕಾಲುವೆಯ ಅಂಚುಗಳನ್ನು ಮುಚ್ಚಿರುವ ಬೆಸುಗೆಗೆ 'ಟೈಟ್ ಜಂಕ್ಷನ್' ಎಂದು ಹೆಸರು. ಅದರಲ್ಲಿರುವ ಆಕ್ಲೂಡಿನ್ (1993), ಕ್ಲಾಡಿನ್ (1998) ಎಂಬ ಪ್ರೋಟೀನುಗಳನ್ನು ಗುರುತಿಸಿದ್ದು ಜಪಾನಿನ ಶೋಯಿಚಿರೊ ತ್ಸುಕಿತಾ ಅವರ ತಂಡ.

ಈ ಬೆಸುಗೆ ಸಿಮೆಂಟಿನಂತೆ ಒಮ್ಮೆ ಹಾಕಿದರೆ ಮುಗಿಯಿತು ಎನ್ನುವಂಥದ್ದಲ್ಲ. ಕೈನೇಸ್ ಎಂಬ ಕಿಣ್ವಗಳು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಫಾಸ್ಫಟೇಸ್‌ಗಳು ಅದನ್ನು ಕಿತ್ತುಹಾಕುತ್ತವೆ. (ದೇಹದ ಈ ಅಂಟಿಸು-ಕೀಳು ಆಟವನ್ನು ಕಂಡುಹಿಡಿದ ಫಿಷರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.) ಯಾವ ಪ್ರೋಟೀನಿನ ಯಾವ ಜಾಗಕ್ಕೆ ಅಂಟಿತು ಎಂಬುದನ್ನು ಹೊಂದಿ ಬೆಸುಗೆ ಬಿಗಿಯಾಗಬಹುದು, ಸಡಿಲವೂ ಆಗಬಹುದು. ಇಲಿಯ ಪಿತ್ತಜನಕಾಂಗದ ಕೋಶಗಳಿಗೆ ವಾಸೋಪ್ರೆಸಿನ್ ಹಾರ್ಮೋನು ತಾಕಿಸಿದಾಗ, ಪ್ರೋಟೀನ್ ಕೈನೇಸ್-ಸಿ ಮೂಲಕ ಬೆಸುಗೆ ಸಡಿಲಗೊಂಡದ್ದು ಕಂಡುಬಂದಿದೆ. ಸಡಿಲವಾದರೆ ಪಿತ್ತ ರಕ್ತದತ್ತ ಸೋರುತ್ತದೆ.

ಹಾಗೆಂದು ಗರ್ಭಿಣಿಯ ತುರಿಕೆಯ ಅಪರಾಧವನ್ನೆಲ್ಲ ಬೆಸುಗೆಯ ತಲೆಗೆ ಕಟ್ಟಲಾರೆ. ಪಿತ್ತದ ಆಮ್ಲಗಳನ್ನು ಕಾಲುವೆಗೆ ನೂಕುವ ಪಂಪುಗಳು ಬಸಿರಿನ ಹಾರ್ಮೋನುಗಳಿಂದ ಮಂದವಾಗುವುದೇ ಇಲ್ಲಿ ದೊಡ್ಡ ಕಾರಣ. ಕೆಲವರಲ್ಲಿ ಮಾತ್ರ ಬೆಸುಗೆಯ ಜೀನಿನಲ್ಲೂ ವ್ಯತ್ಯಾಸ ಸಿಕ್ಕಿದೆ. ಅದೇ ಜೀನು ಪೂರ್ತಿ ಕೆಟ್ಟ ಮಕ್ಕಳಲ್ಲಿ ಪಿತ್ತಜನಕಾಂಗದ ತೀವ್ರ ಕಾಯಿಲೆ ಬರುತ್ತದೆಂದು 2014ರಲ್ಲಿ ಗೊತ್ತಾಯಿತು.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಗುಳ್ಳೆಯಿಲ್ಲದೆ ಅಂಗೈ-ಅಂಗಾಲು ತುರಿಸಿದರೆ, ಅದರಲ್ಲೂ ರಾತ್ರಿ ಹೆಚ್ಚಾದರೆ, ಕಣ್ಣು ಹಳದಿಯಾಗಲೆಂದು ಕಾಯಬೇಡಿ. ಎಷ್ಟೋ ಮಂದಿಗೆ ಹಳದಿ ಕಾಣುವುದೇ ಇಲ್ಲ. ರಕ್ತದಲ್ಲಿ ಪಿತ್ತಾಮ್ಲ ಲೀಟರಿಗೆ 100 ಮೈಕ್ರೋಮೋಲ್ ಮುಟ್ಟಿದರೆ ಮಗು ಗರ್ಭದಲ್ಲೇ ಸಾಯುವ ಅಪಾಯ ಏರುತ್ತದೆ. ಹೆರಿಗೆಯನ್ನು ಮುಂಚೆಯೇ ಮಾಡಿಸಬೇಕಾದೀತು. ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯಿಂದ ತುರಿಕೆ ಸ್ವಲ್ಪ ತಗ್ಗಬಹುದು, ಅಷ್ಟೆ. ಹೆರಿಗೆಯಾದ ಮೇಲೆ ತುರಿಕೆ ತಾನಾಗಿ ಹೋಗುತ್ತದೆ, ಆದರೆ ಮುಂದಿನ ಬಸಿರಿನಲ್ಲಿ ಮರುಕಳಿಸಬಹುದು. ಆಗ ವೈದ್ಯರಿಗೆ ಮೊದಲೇ ತಿಳಿಸಿ.

ಆ ಸೊಸೆಗೆ ಹೆಣ್ಣುಮಗು ಹುಟ್ಟಿತು. ಬದನೆಕಾಯಿ ಇನ್ನು ಕೊಡಬಹುದೇ ಎಂದು ಅತ್ತೆ ಕೇಳಿದರು. ಆಗಲೂ ಕೊಡಬಹುದಿತ್ತು ತಾಯಿ, ಎಂದೆ.