ರೈಲ್ಸ್‌ನಲ್ಲಿ ನೆಸ್ಟೆಡ್ ರೂಟ್: ಒಂದೇ ಹಂತ ಸಾಕು

ರೈಲ್ಸ್ ಆಪ್‌ನಲ್ಲಿ ಲೇಖನದ ಕೆಳಗೆ ಕಾಮೆಂಟ್ ಬರಬೇಕು. ಯುಆರ್‌ಎಲ್ ಹೇಗಿರಬೇಕು?

ರೂಟ್ಸ್ ಫೈಲ್‌ನಲ್ಲಿ ಆರ್ಟಿಕಲ್ಸ್ ಬ್ಲಾಕ್‌ನ ಒಳಗೇ ಕಾಮೆಂಟ್ಸ್ ರಿಸೋರ್ಸ್ ಬರೆಯಿರಿ. ಆಗ ಲೇಖನದ ಐಡಿ ‘ಆರ್ಟಿಕಲ್ ಐಡಿ’ ಎಂಬ ಹೆಸರಿನಲ್ಲಿ ಕಂಟ್ರೋಲರ್‌ಗೆ ಬರುತ್ತದೆ; ಕಾಮೆಂಟಿನದ್ದು ಬರೀ ‘ಐಡಿ’.

ಈಗ ಮುಖ್ಯ ವಿಷಯ. ಕಾಮೆಂಟನ್ನು ಇಡೀ ಟೇಬಲ್‌ನಲ್ಲಿ ಹುಡುಕಬೇಡಿ. ಬಿಫೋರ್ ಆಕ್ಷನ್‌ನಲ್ಲಿ ಮೊದಲು ಲೇಖನ ಹುಡುಕಿ, ಆಮೇಲೆ ಆ ಲೇಖನದ ಕಾಮೆಂಟುಗಳಲ್ಲೇ ಹುಡುಕಿ. ಬೇರೆ ಲೇಖನದ ಕಾಮೆಂಟ್ ಐಡಿ ಹಾಕಿದವರಿಗೆ 404 ಸಿಗುತ್ತದೆ.

ಒಂದು ಹಂತಕ್ಕಿಂತ ಒಳಗೆ ಹೋಗಬೇಡಿ; ರೈಲ್ಸ್ ಗೈಡ್ ಹೇಳುವುದೂ ಅದನ್ನೇ. ‘ಶಾಲೋ ಟ್ರೂ’ ಕೊಟ್ಟರೆ ಇಂಡೆಕ್ಸ್, ನ್ಯೂ, ಕ್ರಿಯೇಟ್ ಮಾತ್ರ ಲೇಖನದ ಕೆಳಗೆ ಉಳಿಯುತ್ತವೆ. ಶೋ, ಎಡಿಟ್, ಅಪ್‌ಡೇಟ್, ಡಿಸ್ಟ್ರಾಯ್‌ಗೆ ಕಾಮೆಂಟ್ ಐಡಿ ಸಾಕು. ಆದರೆ ಅಲ್ಲಿ ಲೇಖನದ ಐಡಿ ಇರುವುದಿಲ್ಲ. ಹಾಗಾಗಿ ಈ ಕಾಮೆಂಟ್ ತಿದ್ದಲು ಬಳಕೆದಾರರಿಗೆ ಅನುಮತಿ ಇದೆಯೇ ಎಂದು ತಪ್ಪದೇ ಪರೀಕ್ಷಿಸಿ.