ಗುಡ್ಡೆಗೊಂದು ಎಂಜಿನ್, ಘಾಟಿಗೊಂದು ಎಂಜಿನ್

ಪುತ್ತೂರಿನವರ ಕಾರು ಓಡುವ ದಾರಿಗಳಲ್ಲಿ ಮೂರು ಜಾತಿ. ಮೂರೂ ದರ್ಬೆಯಲ್ಲಿ ಸೇರುತ್ತವೆ. ಒಂದು, ಪೇಟೆಯೊಳಗೆ ಬಸ್ ನಿಲ್ದಾಣ, ಬೊಳುವಾರು ಎಂದು ತೆವಳುವ ದಾರಿ: ಕ್ಲಚ್ಚು, ಬ್ರೇಕು, ಮತ್ತೆ ಕ್ಲಚ್ಚು. ಇನ್ನೊಂದು ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಏರುವ ಮಾಣಿ–ಮೈಸೂರು ಹೆದ್ದಾರಿ. ಮೂರನೆಯದು ಸವಣೂರು, ಕಾಣಿಯೂರು ಹಾದು ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ. ಅಲ್ಲಿ ಒಂದು ಗುಡ್ಡೆ ಹತ್ತಿದರೆ ಒಂದು ತೋಟದ ಬಯಲಿಗೆ ಇಳಿಯಬೇಕು, ಇಳಿದು ಮುಗಿಯುವಷ್ಟರಲ್ಲಿ ಮತ್ತೊಂದು ಚಡಾವು. ಹೊಸ ಕಾರು ಬುಕ್ ಮಾಡುವ ಮೊದಲು "ಡೀಸೆಲ್ ತೆಗೊಳ್ಳುವುದಾ, ಹೈಬ್ರಿಡ್ಡಾ?" ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಿಮ್ಮ ಚಕ್ರ ಈ ಮೂರರಲ್ಲಿ ಯಾವುದರ ಮೇಲೆ ಹೆಚ್ಚು ಉರುಳುತ್ತದೆ ಎಂದು ತಿಳಿಯದೆ ಉತ್ತರ ಹೇಳುವುದು ಕಷ್ಟ. ಯಾಕೆಂದರೆ ಈ ಎರಡು ಯಂತ್ರಗಳಿಗೆ ಇಷ್ಟವಾಗುವ ದಾರಿಗಳೇ ಬೇರೆ.

ನಮ್ಮ ಸೀಮೆಯಲ್ಲಿ ಡೀಸೆಲ್ ಕಾರಿಗಿಂತ ಮೊದಲೇ ಬಂದದ್ದು. ತೋಟಕ್ಕೆ ಕರೆಂಟು ಬರುವ ಮುಂಚೆ ಹೊಳೆಬದಿಯಲ್ಲಿ ಡಗಡಗ ಎನ್ನುತ್ತಿದ್ದ ಪಂಪು, ಆಮೇಲೆ ಸುಳ್ಯ, ಕಡಬದ ಒಳದಾರಿಗಳಲ್ಲಿ ಹಿಂದೆ ಮುಂದೆ ಜನ ಜೋತುಬಿದ್ದು ಹೋಗುತ್ತಿದ್ದ ಸರ್ವಿಸ್ ಜೀಪು, ಎರಡರ ಹೊಟ್ಟೆಗೂ ಡೀಸೆಲ್ಲೇ. ಮನೆ ಕಾರಿಗೆ ಅದು ಹೊಕ್ಕದ್ದು ಬೆಲೆಯ ಕಾರಣದಿಂದ. ಸರಕಾರ ಪೆಟ್ರೋಲ್ ಬೆಲೆಯ ಹಿಡಿತವನ್ನು 2010ರ ಜೂನ್‌ನಲ್ಲಿ ಬಿಟ್ಟಿತು. ಡೀಸೆಲ್ಲಿನ ಹಿಡಿತ ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ನಾಲ್ಕು ವರ್ಷಗಳಲ್ಲಿ ಎರಡರ ನಡುವೆ ದೊಡ್ಡ ಕಂದಕವೇ ಬಿತ್ತು. 2012–13ರ ಹೊತ್ತಿಗೆ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಬಸ್ಸಿಗೆ, ಲಾರಿಗೆ, ಪಂಪಿಗೆ ಎಂದು ಕೊಟ್ಟ ರಿಯಾಯಿತಿಯಲ್ಲಿ ಮದುವೆ ದಿಬ್ಬಣಗಳೂ ಓಡಿದವು. ಫಿಯೆಟ್ ರೂಪಿಸಿದ 1248 ಸಿಸಿಯ ಪುಟ್ಟ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂದದ್ದೇ ತಡ, ಹಳ್ಳಿಯ ಬಾಡಿಗೆ ಕಾರಿನಿಂದ ಡಾಕ್ಟರ ಕಾರಿನವರೆಗೆ ಎಲ್ಲೆಲ್ಲೂ ಅದೇ ಸದ್ದು. ಭಾರತ್ ಸ್ಟೇಜ್ 6 ನಿಯಮ ಜಾರಿಯಾದ 2020ರ ಏಪ್ರಿಲ್ 1ಕ್ಕೆ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಬರಿಯ ಗಾಳಿಯನ್ನು ಹದಿನಾರು ಹದಿನೆಂಟು ಪಾಲು ಒತ್ತಿದರೆ ಅದರ ಉಷ್ಣತೆ 500 ಡಿಗ್ರಿ ದಾಟುತ್ತದೆ. ಆ ಕಾದ ಗಾಳಿಯೊಳಗೆ ಡೀಸೆಲ್ಲನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಉಪಾಯ ಇಂದಿಗೂ ಇದೇ. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ, ಪೆಟ್ರೋಲ್ ಎಂಜಿನ್ ನಿಧಾನ ಓಡುವಾಗ ಗಾಳಿಯ ದಾರಿಯನ್ನು ಅರ್ಧ ಮುಚ್ಚಿಕೊಂಡು ಏದುಸಿರು ಬಿಡುತ್ತದೆ. ಡೀಸೆಲ್ಲಿಗೆ ಆ ಕಷ್ಟವೂ ಇಲ್ಲ. ಟರ್ಬೊ ಸೇರಿದ ಮೇಲಂತೂ ಕಡಿಮೆ ಸುತ್ತಿನಲ್ಲೇ ಎಳೆತ ಬರುತ್ತದೆ. ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ನಿಮಿಷಕ್ಕೆ 1400 ಸುತ್ತಿನಲ್ಲೇ 343 ನ್ಯೂಟನ್ ಮೀಟರ್ ಬಲ ಕೊಡುತ್ತದೆ. ಏಳು ಜನ, ಮೇಲೆ ಲಗೇಜು ಹೇರಿಕೊಂಡು ಮೂರನೇ ಗೇರಿನಲ್ಲಿ ಸಂಪಾಜೆ ಘಾಟಿ ಹತ್ತುವುದು ಅದಕ್ಕೆ ಆಯಾಸದ ಕೆಲಸವಲ್ಲ.

ಆದರೆ ಡೀಸೆಲ್ಲಿನ ಮೈಲೇಜಿನಲ್ಲಿ ಸ್ವಲ್ಪ ಭಾಗ ಲೀಟರಿನ ಚಮತ್ಕಾರ. ಡೀಸೆಲ್ ಪೆಟ್ರೋಲಿಗಿಂತ ದಪ್ಪ ಎಣ್ಣೆ. ಒಂದು ಲೀಟರಿನಲ್ಲಿ ಶೇಕಡಾ ಹತ್ತಕ್ಕಿಂತ ಹೆಚ್ಚು ಶಕ್ತಿ ತುಂಬಿರುತ್ತದೆ. ಸುಟ್ಟಾಗ ಹೊಮ್ಮುವ ಇಂಗಾಲದ ಡೈಆಕ್ಸೈಡೂ ಹೆಚ್ಚು: ಲೀಟರಿಗೆ ಸುಮಾರು 2.68 ಕಿಲೊ, ಪೆಟ್ರೋಲಿನದು 2.31 ಕಿಲೊ. ಲೀಟರಿಗೆ ಲೀಟರ್ ಹೋಲಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ನಿಜವಾದ ತೊಡಕು ಇರುವುದು ಹೊಗೆಯಲ್ಲಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿತು. ಭಾರತ್ ಸ್ಟೇಜ್ 6 ಬಂದಾಗ ಡೀಸೆಲ್ ಕಾರು ಬಿಡಬಹುದಾದ ಮಸಿಯ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಸಾರಜನಕದ ಆಕ್ಸೈಡುಗಳ ಮಿತಿ 250ರಿಂದ 80ಕ್ಕೆ ಬಂತು. ಇದಕ್ಕಾಗಿ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಜಾಲರಿಯೊಂದನ್ನು ಕೂರಿಸಿದ್ದಾರೆ. ಗ್ಯಾರೇಜಿನವರು ಡಿಪಿಎಫ್ ಎನ್ನುವುದು ಇದನ್ನೇ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಬೂದಿ ಮಾಡಿಕೊಳ್ಳಬೇಕು. ಅದಕ್ಕೆ 600 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಎಡೆಬಿಡದೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಿದರೆ ಕೆಲಸ ಮುಗಿಯುತ್ತದೆ. ದರ್ಬೆಯಿಂದ ಪೇಟೆಗೆ ಹೋಗಿ, ಮೀನು ತಂದು, ಮಕ್ಕಳನ್ನು ಶಾಲೆಯಿಂದ ಕರೆತರುವ ಕಾರಿಗೆ ಆ ಬಿಸಿ ಏರುವುದೇ ಇಲ್ಲ. ಎಂಜಿನ್ ಕಾಯುವ ಹೊತ್ತಿಗೆ ಮನೆ ಬಂದಿರುತ್ತದೆ. ಮಸಿ ಕಟ್ಟುತ್ತಾ ಹೋಗುತ್ತದೆ, ಸುಡಲು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಇಂಥವರು ವಾರಕ್ಕೊಮ್ಮೆ ಸುಮ್ಮನೆ ಸುಳ್ಯದವರೆಗೆ ಹೋಗಿಬರಬೇಕು. ಉಳಿಸಿದ ಡೀಸೆಲ್ ಅಲ್ಲಿಗೆ ಸರಿಹೋಯಿತು!

ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಕೆಲವು ಡೀಸೆಲ್ ಕಾರುಗಳಲ್ಲಿ ಇನ್ನೊಂದು ಟ್ಯಾಂಕೂ ಇರುತ್ತದೆ, ಶೇಕಡಾ 32.5ರ ಯೂರಿಯಾ ದ್ರಾವಣದ್ದು. ಅದು ಪೂರ್ತಿ ಮುಗಿದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತೋಟಕ್ಕೆ ತಂದ ಯೂರಿಯಾವನ್ನೇ ನೀರಿನಲ್ಲಿ ಕದಡಿ ಸುರಿದರಾಗದೇ ಎಂಬ ಯೋಚನೆ ಅಡಿಕೆ ಬೆಳೆಗಾರರಿಗೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ, ಶುದ್ಧತೆಯೂ ಸಾಲದು; ಸಾವಿರಗಟ್ಟಲೆ ರೂಪಾಯಿಯ ಭಾಗಗಳು ಹಾಳಾಗುತ್ತವೆ.

ಇನ್ನು ಹೈಬ್ರಿಡ್. ಇದರ ಕಥೆಗೆ ಜಪಾನಿನವರೆಗೆ ಹೋಗಬೇಕಿಲ್ಲ, ಬಿಡದಿ ಸಾಕು. ಟೊಯೋಟಾ ಮೊದಲ ಪ್ರಿಯಸ್ ಕಾರನ್ನು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. ಅದೇ ಕುಲದ ಇನ್ನೋವಾ ಹೈಕ್ರಾಸ್ 2022ರ ಕೊನೆಗೆ ಬಿಡದಿಯಲ್ಲಿ ಹೊರಬಂತು. ಡೀಸೆಲ್ ಕ್ರಿಸ್ಟಾ ತಯಾರಾಗುವುದೂ ಬಿಡದಿಯಲ್ಲೇ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಊರು, ಎರಡು ಬೇರೆ ಬೇರೆ ಯಂತ್ರ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಅಂದಹಾಗೆ, ಹಿಂಬದಿಯಲ್ಲಿ 'ಸ್ಮಾರ್ಟ್ ಹೈಬ್ರಿಡ್' ಎಂಬ ಅಕ್ಷರ ಅಂಟಿಸಿಕೊಂಡ ಮಾರುತಿ ಕಾರುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಸ್ಟಾರ್ಟರಿಗಿಂತ ತುಸು ದೊಡ್ಡ ಮೋಟಾರಿನಿಂದ ಎಂಜಿನ್ನಿಗೆ ಕೈಜೋಡಿಸುತ್ತವೆ ಅಷ್ಟೆ. ನಾನು ಹೇಳುತ್ತಿರುವುದು ಮೋಟಾರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ವಿಷಯ.

ಹೈಕ್ರಾಸ್‌ನಲ್ಲಿ 2 ಲೀಟರಿನ ಪೆಟ್ರೋಲ್ ಎಂಜಿನ್, ಎರಡು ವಿದ್ಯುತ್ ಯಂತ್ರ, ನಡುವೆ ಒಂದು ಪ್ಲಾನೆಟರಿ ಗೇರು. ಕ್ಲಚ್ಚಿಲ್ಲ, ಬದಲಿಸುವ ಗೇರುಗಳೂ ಇಲ್ಲ. ಒಂದು ವಿದ್ಯುತ್ ಯಂತ್ರ ಹೆಚ್ಚಾಗಿ ಜನರೇಟರ್ ಆಗಿ ದುಡಿಯುತ್ತದೆ, ಇನ್ನೊಂದು ಚಕ್ರ ತಿರುಗಿಸುತ್ತದೆ. ಆ ಗೇರು ಎಂಜಿನ್ನಿನ ಬಲವನ್ನು ಎರಡು ದಾರಿಗೆ ಹಂಚುತ್ತದೆ. ಹಾಗಾಗಿ ಚಕ್ರ ಎಷ್ಟೇ ವೇಗದಲ್ಲಿ ತಿರುಗಲಿ, ಎಂಜಿನ್ ತನಗೆ ಒಗ್ಗುವ ಸುತ್ತಿನಲ್ಲೇ ಇರಬಹುದು. ಎಂಜಿನ್ನೂ ಸಾಮಾನ್ಯದ್ದಲ್ಲ. ಜೇಮ್ಸ್ ಅಟ್ಕಿನ್ಸನ್ 1882ರಲ್ಲಿ ಯೋಚಿಸಿದಂತೆ ಒತ್ತುವುದಕ್ಕಿಂತ ಹಿಗ್ಗುವುದಕ್ಕೆ ಹೆಚ್ಚು ಅವಕಾಶ ಕೊಡುವ ಬಗೆ. ಇಂಧನದ ಶೇಕಡಾ 41ರವರೆಗೆ ಅದು ಕೆಲಸವಾಗಿ ಪರಿವರ್ತಿಸುತ್ತದೆ. ಒಳ್ಳೆಯ ಡೀಸೆಲ್ ಎಂಜಿನ್ ಮುಟ್ಟುವ ಮಟ್ಟವೂ ಅದೇ. ಬಲ ಮಾತ್ರ ಕಡಿಮೆ. ಆ ಕೊರತೆಯನ್ನು ನಿಂತಲ್ಲಿಂದಲೇ 206 ನ್ಯೂಟನ್ ಮೀಟರ್ ಕೊಡುವ ಮೋಟಾರು ತುಂಬುತ್ತದೆ. ಪೇಟೆಯಲ್ಲಿ ನಿಂತಾಗ ಎಂಜಿನ್ ಬಂದ್, ತೆವಳುವಾಗಲೂ ಅನೇಕ ಸಲ ಬಂದ್. ಬ್ರೇಕು ಒತ್ತಿದಾಗ ಮೋಟಾರು ಜನರೇಟರಾಗಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ ಹಿಂತಿರುಗಿಸುತ್ತದೆ. ನೆನಪಿಡಿ, ಆ ವಿದ್ಯುತ್ತೂ ಮೂಲದಲ್ಲಿ ಪೆಟ್ರೋಲೇ. ಹೈಬ್ರಿಡ್ ಪ್ಲಗ್ಗಿಗೆ ಸಿಕ್ಕಿಸುವ ಕಾರಲ್ಲ.

"ಹಾಗಿದ್ದರೆ ಘಾಟಿ ಇಳಿಯುವಾಗ ಬ್ಯಾಟರಿ ಭರ್ತಿ ಆಗುತ್ತದಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ. ಸಂಪಾಜೆಗೆ ಬರುವಾಗ ಸಾವಿರ ಮೀಟರಿನಷ್ಟು ಇಳಿದಿರುತ್ತೇವೆ. ಜನ ಸೇರಿ 1900 ಕಿಲೊ ತೂಗುವ ಹೈಕ್ರಾಸ್ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ, ಮೆಸ್ಕಾಂ ಬಿಲ್ಲಿನ ಭಾಷೆಯಲ್ಲಿ, ಐದು ಯೂನಿಟ್ ಚಿಲ್ಲರೆ. ಟಯರಿನ ಉಜ್ಜಾಟಕ್ಕೆ, ಗಾಳಿಗೆ ಎರಡು ಯೂನಿಟ್ ಹೋಯಿತೆನ್ನಿ. ಬ್ರೇಕಿಗೆ ಬರುವ ಮೂರರಲ್ಲಿ ಎರಡನ್ನು ಹಿಡಿಯಬಹುದಿತ್ತು. ಆದರೆ ಹಿಡಿದಿಡುವುದು ಎಲ್ಲಿ? ಇಡೀ ಬ್ಯಾಟರಿಯೇ 1.6 ಯೂನಿಟ್ಟಿನದು. ಬಾಳಿಕೆಯ ದೃಷ್ಟಿಯಿಂದ ಅದನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ಬಳಕೆಗೆ ಸಿಗುವುದು ಅರ್ಧದ ಆಸುಪಾಸು. ನೀರಿನ ಸುರಂಗದ ಬಾಯಿಯಲ್ಲಿ ಕಟ್ಟಿದ ಸಣ್ಣ ಟ್ಯಾಂಕಿಯ ಹಾಗೆ: ತುಂಬಿದ ಮೇಲೆ ಬಂದದ್ದೆಲ್ಲ ತೋಡಿಗೆ. ಘಾಟಿಯ ಅರ್ಧ ದಾರಿಯಲ್ಲೇ ಬ್ಯಾಟರಿ ಸಾಕು ಎನ್ನುತ್ತದೆ. ಆಮೇಲೆ ಮಿಕ್ಕ ಶಕ್ತಿಯನ್ನು ಇಂಧನವಿಲ್ಲದೆ ಎಂಜಿನ್ನನ್ನು ತಿರುಗಿಸಿ ಖರ್ಚು ಮಾಡಬೇಕು. ಗೇರ್ ಕೋಲಿನಲ್ಲಿರುವ 'ಬಿ' ಸ್ಥಾನ ಅದಕ್ಕಾಗಿಯೇ ಇದೆ. ಘಾಟಿಯಲ್ಲಿ ಅದನ್ನು ಬಳಸದೆ ಬರಿ ಬ್ರೇಕಿನ ಮೇಲೆ ಇಳಿಯುವುದು ಅಪಾಯ. ಸ್ಟ್ರಾಂಗ್ ಹೈಬ್ರಿಡ್‌ಗಳೇ ಆದ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾಗಳ ಬ್ಯಾಟರಿ ಇನ್ನೂ ಚಿಕ್ಕದು, 0.76 ಯೂನಿಟ್.

ಏರುವಾಗ ಇದರ ತಿರುಗುಮುರುಗು. ಹೈರೈಡರ್‌ನ ಎಂಜಿನ್ನೂ ಮೋಟಾರೂ ಸೇರಿದಾಗ 116 ಅಶ್ವಶಕ್ತಿ, ಎಂಜಿನ್ ಒಂದೇ ಆದರೆ 92. ಉದ್ದ ಚಡಾವಿನಲ್ಲಿ ಬ್ಯಾಟರಿ ಇಳಿದುಹೋದ ಮೇಲೆ ಆ 92ರಲ್ಲೇ ದಿನ ದೂಡಬೇಕು. ಎಂಜಿನ್ ಅರಚುತ್ತದೆ, ಕಾರು ಹತ್ತುತ್ತದೆ. ಡೀಸೆಲ್ಲಿನ ಆ ನಿಶ್ಚಿಂತೆ ಮಾತ್ರ ಇರುವುದಿಲ್ಲ.

ಈಗ ಕಾಣಿಯೂರು ರಸ್ತೆಯ ಲೆಕ್ಕ ನೋಡಿ. ಒಂದೂವರೆ ಟನ್ನಿನ ಕಾರು ನಲವತ್ತು ಮೀಟರಿನ ಗುಡ್ಡೆಯೊಂದನ್ನು ಇಳಿದರೆ ಸಿಗುವುದು 0.16 ಯೂನಿಟ್. ಘರ್ಷಣೆ ಕಳೆದು ಉಳಿಯುವುದು ಸಣ್ಣ ಬ್ಯಾಟರಿಗೂ ಹೊರೆಯಲ್ಲ. ಕೆಳಗೆ ಬಯಲು ದಾಟಿದ ಕೂಡಲೇ ಮುಂದಿನ ಚಡಾವಿಗೆ ಅದೇ ವಿದ್ಯುತ್ ಖರ್ಚು, ಮತ್ತೆ ಇಳಿಜಾರು, ಮತ್ತೆ ಜಮೆ. ಘಾಟಿ ಹೈಬ್ರಿಡ್ಡಿಗೆ ತೀರಾ ದೊಡ್ಡ ಗುಡ್ಡ. ಪುತ್ತೂರು, ಕಡಬದ ಮುರಕಲ್ಲು ಗುಡ್ಡೆಗಳು ಅದರ ಬ್ಯಾಟರಿಗೆ ಅಳತೆ ಕೊಟ್ಟು ಹೊಲಿಸಿದಂತಿವೆ. ಬೆಂಗಳೂರಿನ ಟ್ರಾಫಿಕ್ಕಿಗೆ ಮಾತ್ರ ಹೈಬ್ರಿಡ್ ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆದರೆ ಟಾರು ಮುಗಿದು ಮಣ್ಣು ಶುರುವಾದಲ್ಲಿ ನನ್ನ ಮತ ಡೀಸೆಲ್ಲಿಗೆ. ಕ್ರಿಸ್ಟಾದ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಜನ, ಗೋಣಿ ತುಂಬಿ ಚಡಾವು ಹತ್ತುವಾಗ ಭಾರವೂ ಹಿಂದಕ್ಕೇ ಬೀಳುವುದರಿಂದ ಹಿಡಿತ ಹೆಚ್ಚು. ಹೈಕ್ರಾಸ್ ಮುಂಚಕ್ರದ ಗಾಡಿ. ಆಟಿ ತಿಂಗಳ ಕೆಸರಿನಲ್ಲಿ ಮುಂಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಇನ್ನೊಂದು ಸಂಗತಿಯನ್ನು ಸೇಲ್ಸಿನವರು ಹೇಳುವುದು ನಾನು ಕೇಳಿಲ್ಲ: ಟೊಯೋಟಾ ಬಗೆಯ ಹೈಬ್ರಿಡ್ಡಿನಲ್ಲಿ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ತಳ್ಳುವುದು ಮೋಟಾರು ಮಾತ್ರ, ಎಂಜಿನ್ ಸಹಾಯಕ್ಕೆ ಬರುವುದಿಲ್ಲ. ತೋಟದೊಳಗಿನ ಮನೆಯಂಗಳದಿಂದ ಮೇಲಿನ ರಸ್ತೆಗೆ ರಿವರ್ಸ್‌ನಲ್ಲೇ ಏರಬೇಕಾದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥವರು ಟೆಸ್ಟ್ ಡ್ರೈವಿಗೆ ಬಂದ ಕಾರನ್ನು ಮನೆಗೇ ತರಿಸಿ, ನಾಲ್ಕು ಜನ ಕೂತು ಹಿಂದಕ್ಕೆ ಹತ್ತಿಸಿ ನೋಡಲಿ.

ಬ್ಯಾಟರಿ ಹಾಳಾದರೆ ಗತಿಯೇನು ಎಂಬ ಹೆದರಿಕೆ ಅತಿಯಾಯಿತು. ಟೊಯೋಟಾ ಅದಕ್ಕೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತದೆ. ಬ್ಯಾಟರಿಗೆ ತಂಪು ಗಾಳಿ ಹೋಗುವ ಕಿಂಡಿ ಸೀಟಿನ ಹತ್ತಿರ ಇರುತ್ತದೆ, ಅದಕ್ಕೆ ಅಡಿಕೆ ಗೋಣಿ ಅಡ್ಡ ಇಡಬಾರದು. ಕಿತ್ತಳೆ ಬಣ್ಣದ ದಪ್ಪ ವಯರುಗಳನ್ನು ಊರ ಮೆಕ್ಯಾನಿಕ್ಕಿನ ಕೈಗೆ ಕೊಡಬಾರದು, ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇದೆ. ಡೀಸೆಲ್ಲಿನವರ ಅನುಕೂಲ ಇಲ್ಲೇ: ಅರ್ಧ ರಾತ್ರಿಯಲ್ಲಿ ಗುಂಡ್ಯದಲ್ಲಿ ನಿಂತರೂ ಎಂಜಿನ್ ಬಲ್ಲವರೊಬ್ಬರು ಸಿಗುತ್ತಾರೆ.

ಕೊನೆಗೆ ಕಾಸಿನ ಮಾತು. ರಾಜ್ಯದಲ್ಲಿ ಪೆಟ್ರೋಲ್ ಲೀಟರಿಗೆ ನೂರರ ಮೇಲೆ, ಡೀಸೆಲ್ ತೊಂಬತ್ತರ ಹತ್ತಿರ. ಲೆಕ್ಕಕ್ಕೆ 103 ಮತ್ತು 91 ಎಂದು ಹಿಡಿಯೋಣ. ಮಧ್ಯಮ ಗಾತ್ರದ ಕಾರು ನಮ್ಮ ರಸ್ತೆಯಲ್ಲಿ ಸಾದಾ ಪೆಟ್ರೋಲಾದರೆ ಲೀಟರಿಗೆ 15, ಡೀಸೆಲ್ಲಾದರೆ 17, ಹೈಬ್ರಿಡ್ಡಾದರೆ 22 ಕಿಲೋಮೀಟರ್ ಕೊಟ್ಟಿತೆನ್ನಿ. ಕಿಲೋಮೀಟರಿಗೆ ಆರು ರೂಪಾಯಿ 87 ಪೈಸೆ, ಐದು ರೂಪಾಯಿ 35 ಪೈಸೆ, ನಾಲ್ಕು ರೂಪಾಯಿ 68 ಪೈಸೆ. ಇಂಗಾಲದಲ್ಲೂ ಹೈಬ್ರಿಡ್ಡಿನದೇ ಮೇಲುಗೈ: ಡೀಸೆಲ್ ಕಿಲೋಮೀಟರಿಗೆ 158 ಗ್ರಾಮ್ ಬಿಟ್ಟರೆ ಇದು 105. ಆದರೆ ಸಾದಾ ಪೆಟ್ರೋಲಿಗಿಂತ ಹೈಬ್ರಿಡ್ಡಿಗೆ ಎರಡೂವರೆ ಲಕ್ಷ ಹೆಚ್ಚು ತೆತ್ತಿದ್ದರೆ ಅದು ಮರಳಿ ಕೈಸೇರಲು 1,14,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಒಂಬತ್ತು ವರ್ಷ ದಾಟುತ್ತದೆ.

ಆದ್ದರಿಂದ ವಾರಕ್ಕೊಮ್ಮೆಯಾದರೂ ಘಾಟಿ ಹತ್ತಿ ಮೈಸೂರು, ಬೆಂಗಳೂರು ಎನ್ನುವವರು, ಬಾಡಿಗೆಗೆ ಏಳು ಜನ ತುಂಬುವವರು, ಮಣ್ಣು ದಾರಿಯ ತುದಿಯಲ್ಲಿ ಮನೆ ಇರುವವರು ಡೀಸೆಲ್ಲನ್ನೇ ಕೊಳ್ಳಲಿ. ಪುತ್ತೂರು, ಸುಳ್ಯ, ಸುಬ್ರಹ್ಮಣ್ಯಗಳ ನಡುವೆ ದಿನಕ್ಕೆ ಐವತ್ತು ಅರುವತ್ತು ಕಿಲೋಮೀಟರ್ ಓಡಾಡುವವರಿಗೆ ಹೈಬ್ರಿಡ್ ಕಣ್ಣುಮುಚ್ಚಿ ಆಗಬಹುದು. ತಿಂಗಳಿಗೆ ಐನೂರು ಕಿಲೋಮೀಟರೂ ಓಡಿಸದವರು ಎರಡರ ಗೊಡವೆಗೂ ಹೋಗದೆ ಸಾದಾ ಪೆಟ್ರೋಲ್ ಕಾರು ತೆಗೆದುಕೊಂಡು, ಉಳಿದ ಎರಡೂವರೆ ಲಕ್ಷವನ್ನು ಸೊಸೈಟಿಯಲ್ಲಿ ಠೇವಣಿ ಇಡುವುದು ಲಾಭ.