ಸಂಜೆ ನಾಲ್ಕರಿಂದ ಎಂಟು: ಕ್ಲಿನಿಕ್ ನಡೆಸುವ ತಾಯಂದಿರ ಹೊತ್ತು

ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರ್ ಎಂದು ಜನ ಕರೆಯುವ ಕೆಲಸ ನಮ್ಮದು. ಓದಿನ ಹೆಸರು ಆರ್ಥೊಡಾಂಟಿಕ್ಸ್. ಕರಾವಳಿಯ ಸಣ್ಣ ಪೇಟೆಗಳಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡು, ಮನೆಯಲ್ಲಿ ಮಕ್ಕಳನ್ನೂ ಬೆಳೆಸುತ್ತಿರುವ ನಮ್ಮಂಥವರು ಮದುವೆ ಮನೆಗಳಲ್ಲಿ ಸಿಕ್ಕಿದಾಗ ಹೆಂಗಸರು ಕೇಳುವುದು ಒಂದೇ ಪ್ರಶ್ನೆ: ಎರಡನ್ನೂ ಹೇಗೆ ಸುಧಾರಿಸುತ್ತೀರಿ? ಅಲ್ಲಾಹನ ಅನುಗ್ರಹ ಎಂದು ಹೇಳಿ ನಾವು ಮಾತು ಮುಗಿಸುತ್ತೇವೆ. ಆ ಉತ್ತರ ಸುಳ್ಳಲ್ಲ. ಆದರೆ ಮಗಳನ್ನು ಈ ಓದಿಗೆ ಸೇರಿಸಲು ಯೋಚಿಸುತ್ತಿರುವ ತಂದೆ ತಾಯಿಗೆ, ಇಂಥ ಸೊಸೆಯನ್ನು ಮನೆ ತುಂಬಿಸಿಕೊಂಡಿರುವ ಅತ್ತೆ ಮಾವಂದಿರಿಗೆ ಅಷ್ಟು ಸಾಲದು. ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಕೆಲಸದ ಸ್ವಭಾವ ತಿಳಿಯಬೇಕು. ಹುಳುಕು ಹಲ್ಲು ಕೀಳುವುದು ಒಂದೇ ದಿನಕ್ಕೆ ಮುಗಿಯುತ್ತದೆ. ರೂಟ್ ಕೆನಾಲ್ ಎರಡು ಮೂರು ಸಲದಲ್ಲಿ ಮುಗಿಯುತ್ತದೆ. ಕ್ಲಿಪ್ ಹಾಗಲ್ಲ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ತಂತಿಯ ಹಗುರವಾದ ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹಾಗೆ ಹಲ್ಲು ನಿಧಾನವಾಗಿ ಸರಿಯುತ್ತದೆ. ಇದು ಶರೀರದ ಕೆಲಸ, ಅವಸರ ಮಾಡಿದರೆ ಬೇರಿಗೆ ಪೆಟ್ಟು. ಹೀಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಕರೆಸಿ ನೋಡಲೇಬೇಕು. ಅಷ್ಟಾದ ಮೇಲೂ ಸರಿದ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ರಿಟೇನರ್ ಹಾಕಿಸಿ ಕಣ್ಣಿಟ್ಟಿರಬೇಕು. ಯಾವ ದಿನ ಲೆಕ್ಕ ಹಾಕಿದರೂ, ಊರಿನ ಎಷ್ಟೋ ಮಕ್ಕಳ ಬಾಯಲ್ಲಿ ನಾವು ಕಟ್ಟಿದ ತಂತಿ ಇರುತ್ತದೆ. ಅದು ನಮ್ಮ ಮೇಲಿರುವ ಅಮಾನತ್ತು. ಆರು ತಿಂಗಳು ಬಾಗಿಲು ಹಾಕುತ್ತೇವೆ ಎಂದು ಬೋರ್ಡು ತಗುಲಿಸಿ ಹೋಗುವಂತಿಲ್ಲ. ನೋಡುವವರಿಲ್ಲದೆ ಬಿಟ್ಟ ತಂತಿ ಹಲ್ಲನ್ನು ಬೇಡದ ಕಡೆಗೂ ಎಳೆಯಬಲ್ಲದು.

ಎರಡನೆಯದು ಹೊತ್ತಿನ ಮಾತು. ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಕ್ಲಿಪ್ ಹಾಕಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹನ್ನೊಂದರಿಂದ ಹದಿನೈದರ ಶಾಲಾ ಮಕ್ಕಳು. ಶಾಲೆ ಬಿಟ್ಟ ಮೇಲೆಯೇ ಅವರು ಬರುವುದು. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಖಾಲಿ ಇರುವ ಕುರ್ಚಿ ಸಂಜೆ ನಾಲ್ಕರಿಂದ ಎಂಟರವರೆಗೆ ಬಿಡುವಿಲ್ಲದೆ ತುಂಬಿರುತ್ತದೆ. ನಮ್ಮ ಮಕ್ಕಳ ಶಾಲಾ ವ್ಯಾನ್ ಮನೆಯ ಮುಂದೆ ನಿಲ್ಲುವುದೂ ಆ ಹೊತ್ತಿಗೇ. ಹಸಿವು, ಹೋಂವರ್ಕ್, ಮಗ್ರಿಬ್, ಮದ್ರಸದ ಪಾಠ ಒಪ್ಪಿಸುವುದು ಎಲ್ಲ ಆ ನಾಲ್ಕು ಗಂಟೆಯೊಳಗೆ. ಭಾನುವಾರವೂ ಹಾಗೆಯೇ. ಊರಿನ ಮಕ್ಕಳಿಗೆ ರಜೆ, ಆದ್ದರಿಂದ ನಮ್ಮಲ್ಲಿ ರಶ್ಶು. ನಮ್ಮ ಮಕ್ಕಳಿಗೂ ಅದೇ ದಿನ ರಜೆ. ಬ್ಯಾಂಕಿನಲ್ಲಿಯೋ ಕಾಲೇಜಿನಲ್ಲಿಯೋ ಕೆಲಸ ಮಾಡುವ ತಾಯಿ ಸಂಜೆಗೆ ಮನೆ ಸೇರುತ್ತಾಳೆ, ನಾವು ಸಂಜೆಗೆ ಮನೆಯಿಂದ ಹೊರಡುತ್ತೇವೆ. ಬೆಳಿಗ್ಗೆ ಎಷ್ಟು ಬೇಗ ಎದ್ದರೂ, ಅಡುಗೆ ಎಷ್ಟು ಚುರುಕಾಗಿ ಮುಗಿಸಿದರೂ ಈ ಘರ್ಷಣೆ ತಪ್ಪುವುದಿಲ್ಲ. ತಾಯಿಯ ಸಾಮರ್ಥ್ಯದಿಂದ ಬಗೆಹರಿಯುವ ವಿಷಯ ಇದಲ್ಲ, ಮನೆಯವರೆಲ್ಲ ಕುಳಿತು ಹೊತ್ತು ಹಂಚಿಕೊಳ್ಳಬೇಕು.

ಓದಿನ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಡಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5 ವರ್ಷ, ಎಂಡಿಎಸ್‌ಗೆ 3 ವರ್ಷ. ನಡುವೆ ಪ್ರವೇಶ ಪರೀಕ್ಷೆಯ ತಯಾರಿ. ಹೊರಬರುವಾಗ ಇಪ್ಪತ್ತಾರೋ ಇಪ್ಪತ್ತೇಳೋ ಆಗಿರುತ್ತದೆ. ಕ್ಲಿನಿಕ್ ತೆರೆಯುವ ವಯಸ್ಸು, ಮಕ್ಕಳಾಗುವ ವಯಸ್ಸು ಬೇರೆ ಬೇರೆ ಅಲ್ಲ.

ನೌಕರಿಯಲ್ಲಿರುವವರಿಗೆ ಒಂದು ಆಸರೆ ಇದೆ. 2017ರ ತಿದ್ದುಪಡಿಯಿಂದ ಸಂಬಳ ಸಹಿತ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿತು. ಆದರೆ ತಾನೇ ಒಡತಿಯಾದವಳಿಗೆ ರಜೆ ಕೊಡುವವರು ಯಾರು? ಹೆರಿಗೆಯಾಗಿ ಮಲಗಿದ್ದರೂ ಅಂಗಡಿ ಬಾಡಿಗೆ, ಡೆಂಟಲ್ ಚೇರಿನ ಸಾಲದ ಕಂತು, ಸಹಾಯಕಿಯ ಸಂಬಳ ನಿಲ್ಲುವುದಿಲ್ಲ. ಆದ್ದರಿಂದ ತಯಾರಿ ಗರ್ಭದ ಆರಂಭದಲ್ಲೇ ಶುರುವಾಗಬೇಕು. ನಾವು ಮಾಡುವುದು ಹೀಗೆ: ನಾಲ್ಕೈದು ತಿಂಗಳಾಗುತ್ತಲೇ ಹೊಸ ಕೇಸು ಹಿಡಿಯುವುದನ್ನು ಕಡಿಮೆ ಮಾಡುತ್ತೇವೆ. ಮುಗಿಯುವ ಹಂತದಲ್ಲಿರುವವರದ್ದನ್ನು ಮುಗಿಸುತ್ತೇವೆ. ಉಳಿದವರನ್ನು ನೋಡಿಕೊಳ್ಳಲು ಪಕ್ಕದ ಊರಿನ ಒಬ್ಬ ಆರ್ಥೊಡಾಂಟಿಸ್ಟರನ್ನು ತಿಂಗಳಿಗೆ ಎರಡು ದಿನ ಬರುವಂತೆ ಒಪ್ಪಿಸುತ್ತೇವೆ. ಪ್ರತಿಯೊಬ್ಬರ ಫೈಲಿನಲ್ಲಿ ಮುಂದಿನ ತಂತಿ ಯಾವುದು, ಯಾವ ಹಲ್ಲನ್ನು ಮುಟ್ಟಬಾರದು ಎಂದು ಬರೆದಿಡುತ್ತೇವೆ. ಮಕ್ಕಳ ಹೆತ್ತವರಿಗೆ ಮೊದಲೇ ಹೇಳುತ್ತೇವೆ. ಕೊನೆಯ ದಿನದಲ್ಲಿ ಹೇಳಿದರೆ ಮುನಿಸು, ಮೂರು ತಿಂಗಳು ಮೊದಲು ಹೇಳಿದರೆ ದುವಾ.

ಗರ್ಭಿಣಿಯಾಗಿರುವಾಗ ಎಕ್ಸ್‌ರೇ ವಿಷಯದಲ್ಲಿ ಮನೆಯವರಿಗೆ ಗಾಬರಿ ಸಹಜ. ವಿಕಿರಣದ ಕೆಲಸದಲ್ಲಿರುವ ಮಹಿಳೆ ಗರ್ಭವನ್ನು ತಿಳಿಸಿದ ಬಳಿಕ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದೆಂದು ನಿಯಮವಿದೆ. ಯಂತ್ರದಿಂದ ದೂರ, ಗೋಡೆಯ ಮರೆಯಲ್ಲಿ ನಿಂತರೆ ಹಲ್ಲಿನ ಎಕ್ಸ್‌ರೇಯಿಂದ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಬಟನ್ ಒತ್ತುವ ಕೆಲಸವನ್ನು ತರಬೇತಿಯಾದ ಬೇರೊಬ್ಬರಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ನಿಜವಾಗಿ ಕಾಡುವುದು ಬೆನ್ನು ನೋವು. ಏಳನೇ ತಿಂಗಳಲ್ಲಿ ರೋಗಿಯ ಬಾಯಿಗೆ ಬಾಗುವುದು ಹೇಗಿರುತ್ತದೆಂದು ಯಾವ ನಿಯಮದಲ್ಲೂ ಬರೆದಿಲ್ಲ.

ಹೆರಿಗೆಯ ನಂತರ ಎದೆಹಾಲಿನ ಪ್ರಶ್ನೆ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂಡಿಟ್ಟ ಹಾಲು ಹೊರಗಡೆ, ಕೋಣೆ ತಂಪಾಗಿದ್ದರೆ, ನಾಲ್ಕು ಗಂಟೆ ಇರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ನಂಬುವಂತಿಲ್ಲ, ಕೂಡಲೇ ಫ್ರಿಜ್ಜಿನಲ್ಲಿಡಬೇಕು. ಅಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಕ್ಲಿನಿಕ್ಕಿನಲ್ಲಿ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಸಣ್ಣ ಕೋಣೆ, ಒಂದು ಕುರ್ಚಿ ಇದ್ದರೆ ಹಾಲು ಹಿಂಡಲೂ ಆಯಿತು, ಅಸರ್ ನಮಾಝ್ ಮಾಡಲೂ ಆಯಿತು. ಕಟ್ಟಡ ನೋಡುವಾಗ ಪಾರ್ಕಿಂಗ್ ಕೇಳುವ ಗಂಡಸರು ಈ ಕೋಣೆಯನ್ನೂ ಕೇಳಲಿ.

ಕುರ್‌ಆನ್ ಅಲ್‌ಬಕರ ಅಧ್ಯಾಯದ 233ನೇ ಸೂಕ್ತದಲ್ಲಿ ಎರಡು ವರ್ಷದ ಹಾಲೂಡಿಕೆಯ ಬಗ್ಗೆ ಹೇಳುತ್ತದೆ. ಅಲ್ಲಿಯೇ ಹಾಲು ಬಿಡಿಸುವ ತೀರ್ಮಾನವನ್ನು ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಮಾಡುವ ಮಾತಿದೆ. ಮಗುವಿನ ಹಾಲಿನಂಥ ವಿಷಯದಲ್ಲೂ ತಾಯಿಯೊಬ್ಬಳೇ ನಿರ್ಧರಿಸಬೇಕಿಲ್ಲ, ಅವಳನ್ನು ಬಿಟ್ಟು ನಿರ್ಧರಿಸುವಂತೆಯೂ ಇಲ್ಲ. ಮಗುವಿನ ಅಳು ಕೇಳಿದಾಗ ಅದರ ತಾಯಿಗೆ ಕಷ್ಟವಾಗದಿರಲೆಂದು ಪ್ರವಾದಿ(ಸ)ರು ನಮಾಝನ್ನು ಚಿಕ್ಕದು ಮಾಡುತ್ತಿದ್ದರೆಂಬ ವರದಿ ಬುಖಾರಿಯಲ್ಲಿದೆ. ಮಗುವನ್ನೆತ್ತಿಕೊಂಡು ಮನೆಗೆ ಹೋಗೆಂದು ಆಕೆಗೆ ಹೇಳಲಿಲ್ಲ. ಇಡೀ ಜಮಾಅತ್ತು ಅವಳಿಗೆ ಹೊಂದಿಕೊಂಡಿತು.

ನಮ್ಮ ಮನೆಗಳಲ್ಲಿ ಹೊಂದಾಣಿಕೆ ಯಾರ ಕಡೆಯಿಂದ ಬರುತ್ತಿದೆ? ಮಗಳ ಬಾಯಿ ನೋಡಲು ಲೇಡಿ ಡಾಕ್ಟರೇ ಬೇಕೆಂದು ಇಪ್ಪತ್ತು ಕಿಲೋಮೀಟರ್ ದೂರದಿಂದ ಬರುವ ಕುಟುಂಬಗಳು ನಮಗೆ ಗೊತ್ತು. ಎರಡನೇ ಮಗುವಾಗುತ್ತಲೇ ಇನ್ನು ಸಾಕು, ಮನೆಯಲ್ಲಿರಲಿ ಎಂದು ಸೊಸೆಯ ಕ್ಲಿನಿಕ್ ಮುಚ್ಚಿಸಿದ ಮನೆಗಳೂ ಗೊತ್ತು. ಎರಡೂ ಒಂದೇ ಮನೆಯಾಗಿರುವುದೂ ಉಂಟು. ಮನೆಯಲ್ಲೇ ಇರುತ್ತೇನೆಂದು ತಾನಾಗಿ ಬಯಸುವ ತಾಯಿಯ ಮಾತು ಬೇರೆ, ಅದನ್ನು ನಾವು ಕೀಳಾಗಿ ಕಾಣುವುದಿಲ್ಲ. ಇಲ್ಲಿ ಹೇಳುತ್ತಿರುವುದು ಕೇಳದೆ ಮುಚ್ಚಿಸುವುದರ ಬಗ್ಗೆ.

ಮುಚ್ಚಿಸುವವರು ಕೊಡುವ ಕಾರಣ ಹೆಚ್ಚಾಗಿ ಹಣದ್ದು: ಬಾಡಿಗೆಗೂ ಸಾಲದ ಕ್ಲಿನಿಕ್ ಯಾಕೆ? ಈ ಕೆಲಸದಲ್ಲಿ ಫೀಸು ಒಟ್ಟಿಗೆ ಬರುವುದಿಲ್ಲ, ಚಿಕಿತ್ಸೆಯ ಉದ್ದಕ್ಕೂ ಕಂತಿನಲ್ಲಿ ಬರುತ್ತದೆ. ಕ್ಲಿಪ್ ತೆಗೆದ ಮಗುವಿನ ನಗು ನೋಡಿ ನೆರೆಮನೆಯವರು ಬರಲು ಎರಡು ವರ್ಷ ಬೇಕು. ಮೂರನೇ ವರ್ಷಕ್ಕೆ ಮುಚ್ಚುವುದೆಂದರೆ ಫಸಲು ಹಿಡಿಯುವ ಮೊದಲು ಅಡಿಕೆ ತೋಟ ಕಡಿದಂತೆ. ಮನೆಯ ಖರ್ಚಿನ ಹೊಣೆ ಹೇಗೂ ಗಂಡನದ್ದು, ಅವಳ ಸಂಪಾದನೆ ಅವಳದ್ದು. ಹಾಗಿರುವಾಗ ಆ ಮೊದಲ ವರ್ಷಗಳನ್ನು ಸ್ವಲ್ಪ ತಾಳಿಕೊಳ್ಳಬಹುದಲ್ಲವೇ?

ನಡೆಯುತ್ತಿರುವ ಮನೆಗಳಲ್ಲಿ ಏರ್ಪಾಡು ತುಂಬಾ ಸರಳ. ವಾರದಲ್ಲಿ ಮೂರೇ ಸಂಜೆ ಕ್ಲಿನಿಕ್, ಉಳಿದ ದಿನ ಬೆಳಿಗ್ಗೆ ದೊಡ್ಡವರಿಗೆ. ಆ ಮೂರು ಸಂಜೆ ಮಕ್ಕಳ ಪಾಠ, ಊಟ ತಂದೆಯದ್ದು. ಅತ್ತೆಯ ಸಹಾಯ ಇದ್ದರೆ ಸಂತೋಷ, ಆದರೆ ಮೊಣಕಾಲು ನೋವಿನ ಅತ್ತೆಯ ಮೇಲೆ ಎಲ್ಲ ಹೊರಿಸುವುದು ಹಂಚಿಕೆಯಲ್ಲ. ರಮಝಾನಿನಲ್ಲಿ ಸಂಜೆಯ ಹೊತ್ತೆಲ್ಲ ಬೆಳಿಗ್ಗೆಗೆ. ಭಾನುವಾರ ತಿಂಗಳಿಗೆ ಎರಡು ಮಾತ್ರ.

ಮಕ್ಕಳಿಗೆ ಕ್ಲಿಪ್ ಹಾಕಿಸಿರುವ ಓದುಗರಿಂದಲೂ ನಮಗೊಂದು ಸಹಾಯ ಆಗಬೇಕು. ಕೊಟ್ಟ ಸಮಯಕ್ಕೆ ಬನ್ನಿ. ನೀವು ಮುಕ್ಕಾಲು ಗಂಟೆ ತಡವಾದರೆ ಎಂಟಕ್ಕೆ ಮುಗಿಯಬೇಕಾದ್ದು ಒಂಬತ್ತಾಗುತ್ತದೆ, ಮನೆಯಲ್ಲಿ ಮಗು ಕಾಯದೆ ಮಲಗಿರುತ್ತದೆ. ಚಕ್ಕುಲಿ, ಕಡಲೆ ಮಿಠಾಯಿ ಕಚ್ಚಿ ಬ್ರಾಕೆಟ್ ಕಿತ್ತುಕೊಂಡರೆ ಒಂದು ಹೆಚ್ಚಿನ ಭೇಟಿ, ಅದೂ ಸಂಜೆಯದ್ದೇ. ರಾತ್ರಿ ತಂತಿ ಕೆನ್ನೆಗೆ ಚುಚ್ಚಿದರೆ ಫೋನ್ ಮಾಡುವ ಮೊದಲು, ಡಬ್ಬಿಯಲ್ಲಿ ಕೊಟ್ಟಿರುವ ಮೇಣವನ್ನು ಕಡಲೆಯಷ್ಟು ತೆಗೆದು, ತಂತಿಯ ತುದಿಯನ್ನು ಒರೆಸಿ ಅದರ ಮೇಲೆ ಒತ್ತಿ. ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ, ಆಗ ಕುರ್ಚಿ ಖಾಲಿ ಇರುತ್ತದೆ.